ಗ್ರೂಪಲ್ಲಿ ಮಾತು ಮುಗಿಯಬೇಕಾದರೆ: ಒಂದು ಸಾಲು ಬರೆಸಿ, ಒಂದು ಮತ ಹಾಕಿಸಿ

2024ರ ಮಾರ್ಚ್ ನೆನಪಿದೆಯಾ? ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಬತ್ತಿದ ಬೇಸಿಗೆ. ನಮ್ಮದು 48 ಮನೆಗಳ ಅಪಾರ್ಟ್‌ಮೆಂಟ್. ಇದ್ದ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಪೂರ್ತಿ ನಿಂತುಹೋಗಿತ್ತು, ಇನ್ನೊಂದು ಅರ್ಧ ಗಂಟೆ ನೀರು ಕೊಟ್ಟು ಆಮೇಲೆ ಬರೀ ಗಾಳಿ ಉಗುಳುತ್ತಿತ್ತು. ದಿನಕ್ಕೆ ಎಷ್ಟು ಟ್ಯಾಂಕರ್ ತರಿಸುವುದು, ನಲ್ಲಿ ನೀರಿಗೆ ಹೊತ್ತು ಗೊತ್ತು ಮಾಡಬೇಕಾ ಬೇಡವಾ ಅಂತ ಒಂದು ಶನಿವಾರ ಸಂಜೆ ವಾಟ್ಸ್‌ಆಪ್ ಗ್ರೂಪಲ್ಲಿ ಕೇಳಿದೆ. ಆಗ ನಾನು ಸೆಕ್ರೆಟರಿ. ರಾತ್ರಿ ಹನ್ನೊಂದೂವರೆ ಹೊತ್ತಿಗೆ 214 ಮೆಸೇಜ್ ಬಂದಿದ್ದವು. ತೀರ್ಮಾನ ಮಾತ್ರ ಒಂದೂ ಇರಲಿಲ್ಲ.

ಮರುದಿನ ಬೆಳಗ್ಗೆ ಕಾಫಿ ಇಟ್ಟುಕೊಂಡು ಕೂತು, ಆ 214 ಮೆಸೇಜನ್ನೂ ಮೊದಲಿಂದ ಓದಿದೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಯಾರು ಎಷ್ಟು ಸಲ ಬರೆದರು ಅಂತ ಗೆರೆ ಹಾಕುತ್ತಾ ಹೋದೆ. ಗ್ರೂಪಲ್ಲಿ ಇದ್ದವರು 91 ಜನ. ಬಹುಪಾಲು ಮೆಸೇಜ್ ಬರೆದವರು ಆರೇ ಜನ. ಅವರಲ್ಲೂ ಇಬ್ಬರು ನೀರಿನ ಮಾತು ಬಿಟ್ಟು ಹಳೇ ಪಾರ್ಕಿಂಗ್ ಜಗಳಕ್ಕೆ ಹೋಗಿದ್ದರು. ಉಳಿದ ಎಂಬತ್ತೈದು ಜನರ ಮನೆಯಲ್ಲೂ ನಲ್ಲಿ ಇದೆ, ಅವರೂ ಸ್ನಾನ ಮಾಡಬೇಕು, ಅಡುಗೆ ಮಾಡಬೇಕು. ಅವರಿಗೆ ಏನು ಬೇಕು ಅನ್ನುವುದು ಮಾತ್ರ ನನಗೆ ಗೊತ್ತೇ ಆಗಲಿಲ್ಲ.

ಇದು ನಮ್ಮ ಗ್ರೂಪಿನ ಕಾಯಿಲೆ ಮಾತ್ರ ಅಲ್ಲ. ವೆಬ್‌ಸೈಟ್‌ಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ ಅನ್ನುವವರು 2006ರಲ್ಲೇ ಇದರ ಬಗ್ಗೆ ಬರೆದಿದ್ದರು. ಆನ್‌ಲೈನ್‌ನಲ್ಲಿ ಜನ ಸೇರುವ ಕಡೆ ನೂರರಲ್ಲಿ ಸುಮಾರು 90 ಜನ ಬರೀ ಓದುತ್ತಾರೆ, 9 ಜನ ಆಗೊಮ್ಮೆ ಈಗೊಮ್ಮೆ ಏನಾದರೂ ಹೇಳುತ್ತಾರೆ, ಒಬ್ಬರೇ ಒಬ್ಬರು ಉಳಿದಿದ್ದನ್ನೆಲ್ಲ ಬರೆಯುತ್ತಾರೆ. ಇದು ಕರಾರುವಾಕ್ಕಾದ ಲೆಕ್ಕ ಅಲ್ಲ, ಆದರೆ ನನ್ನ ಕ್ಯಾಲೆಂಡರ್ ಹಾಳೆ ನೋಡಿದಾಗ ಅದೇ ನೆನಪಾಯಿತು.

ನಮ್ಮಲ್ಲಿ ಮೌನಂ ಸಮ್ಮತಿ ಲಕ್ಷಣಂ ಅಂತ ಸಲೀಸಾಗಿ ಹೇಳಿಬಿಡುತ್ತೇವೆ. ಗ್ರೂಪಲ್ಲಿ ಅದನ್ನು ನಂಬಬೇಡಿ. ಮೌನ ಅಂದರೆ ಒಪ್ಪಿಗೆ ಇರಬಹುದು. ಮೆಸೇಜ್ ನೋಡಿಲ್ಲ ಅಂತ ಇರಬಹುದು, ಜಗಳ ನೋಡಿ ಹೆದರಿದ್ದಾರೆ ಅಂತಲೂ ಇರಬಹುದು. ಎಷ್ಟೋ ಸಲ ಉದ್ದಕ್ಕೆ ಟೈಪ್ ಮಾಡಲು ಬರುವುದಿಲ್ಲ ಅನ್ನುವುದೊಂದೇ ಕಾರಣ. ಅಂಥವರಿಂದ ಮಾತು ಹೊರಡಿಸಲು ಎರಡು ಸಣ್ಣ ಸಾಧನಗಳು ಸಾಕು. ಒಂದು ಸಾಲಿನ ಉತ್ತರ, ಆಮೇಲೆ ಒಂದು ಮತ. ಇದನ್ನು ನಾವು ಹೇಗೆ ಮಾಡಿದೆವು, ಎಲ್ಲಿ ಎಡವಿದೆವು, ನೀವು ಹೇಗೆ ಮಾಡಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ. ಅಪಾರ್ಟ್‌ಮೆಂಟ್ ಆಗಲಿ, ಶಾಲೆಯ ಪೋಷಕರ ಗ್ರೂಪ್ ಆಗಲಿ, ಊರ ಜಾತ್ರೆಯ ಗ್ರೂಪ್ ಆಗಲಿ, ಕ್ರಮ ಹೆಚ್ಚು ಕಡಿಮೆ ಒಂದೇ.

ಮೊದಲು ಕೇಳಿಕೊಳ್ಳಿ: ಇದು ಮತ ಹಾಕುವ ವಿಷಯವಾ?

ಎಲ್ಲದಕ್ಕೂ ಮತ ಹಾಕಿಸಬಾರದು. ಲಿಫ್ಟಿನ ಕೇಬಲ್ ಸವೆದಿದೆ ಅಂತ ಸರ್ವಿಸ್‌ನವರು ಬರೆದುಕೊಟ್ಟ ಮೇಲೆ ಅದನ್ನು ಬದಲಾಯಿಸಬೇಕಾ ಅಂತ ಪೋಲ್ ಹಾಕುವುದು ತಪ್ಪು. ಅದು ಆಗಲೇಬೇಕು. ಕಾನೂನು ಹೇಳಿದ್ದಕ್ಕೂ ಅಷ್ಟೆ. ಆ ಮಾರ್ಚ್‌ನಲ್ಲಿ ನಲ್ಲಿಗಳಿಗೆ ಏರೇಟರ್, ಅಂದರೆ ನೀರು ಕಡಿಮೆ ಹರಿಯುವಂತೆ ಮಾಡುವ ಜಾಲರಿ, ಹಾಕಲೇಬೇಕು ಅಂತ ಜಲಮಂಡಳಿ ಆದೇಶ ಮಾಡಿತ್ತು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತಲೂ ಹೇಳಿತ್ತು. ನಮ್ಮ ಗ್ರೂಪಲ್ಲಿ ಒಬ್ಬರು "ಕಾರು ತೊಳೆಯುವುದಕ್ಕೆ ಪೋಲ್ ಹಾಕಿ" ಅಂದರು. ಹಾಕಲಿಲ್ಲ. ಎಲ್ಲರೂ ಸೇರಿ ಹೂಂ ಅಂದರೂ ದಂಡ ತಪ್ಪುವುದಿಲ್ಲ, ನೀರೂ ಬರುವುದಿಲ್ಲ.

ಇನ್ನೊಂದು ಇದಕ್ಕಿಂತ ಮುಖ್ಯ. ಒಬ್ಬರ ಹಕ್ಕನ್ನು ಹತ್ತು ಜನ ಸೇರಿ ಮತ ಹಾಕಿ ಕಿತ್ತುಕೊಳ್ಳುವ ಹಾಗಿಲ್ಲ. ಮನೆಯಲ್ಲಿ ನಾಯಿ ಸಾಕುವುದನ್ನೇ ತೆಗೆದುಕೊಳ್ಳಿ. ಬಹುಮತ ಇದ್ದರೂ ಸಂಘದವರು ಅದನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಬಾಡಿಗೆಗೆ ಯಾರು ಬರಬೇಕು, ಯಾರ ಅಡುಗೆಮನೆಯಲ್ಲಿ ಏನು ಬೇಯಬೇಕು, ಇಂಥದಕ್ಕೆಲ್ಲ ಪೋಲ್ ಹಾಕಿದರೆ ಅದು ಚರ್ಚೆ ಅಲ್ಲ, ಒಂದು ಮನೆಯನ್ನು ಎಲ್ಲರ ಮುಂದೆ ನಿಲ್ಲಿಸಿದ ಹಾಗೆ. ಯಾರಾದರೂ ಹಾಕಿದರೆ ಅಡ್ಮಿನ್ ಆದವರು ಆ ಕ್ಷಣವೇ ತೆಗೆಯಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ದೊಡ್ಡ ಖರ್ಚು, ಬೈಲಾ (ಸಂಘದ ನಿಯಮಾವಳಿ) ತಿದ್ದುಪಡಿ, ಕಮಿಟಿ ಚುನಾವಣೆ, ಇವಕ್ಕೆ ನಿಮ್ಮ ಬೈಲಾದಲ್ಲಿ ಹೇಳಿದ ಹಾಗೆ ನೋಟಿಸ್ ಕೊಟ್ಟು ಜನರಲ್ ಬಾಡಿ, ಅಂದರೆ ಎಲ್ಲ ಸದಸ್ಯರ ಸಭೆ, ಕರೆಯಲೇಬೇಕು. ಗ್ರೂಪಲ್ಲಿ ಬಿದ್ದ ಮತ ಅಲ್ಲಿ ಜನರ ಒಲವು ತೋರಿಸುತ್ತದೆ, ಅಷ್ಟೇ. ನಿರ್ಣಯ ಆಗುವುದಿಲ್ಲ.

ಮತಕ್ಕೆ ಮೊದಲು ಒಂದು ಸಾಲು

ಜಾಸ್ತಿ ಜನ ಎಡವುವುದು ಇಲ್ಲೇ. ಚರ್ಚೆ ಬಿಸಿ ಆದ ಕೂಡಲೇ ಯಾರೋ ಒಬ್ಬರು ಪೋಲ್ ಹಾಕಿಬಿಡುತ್ತಾರೆ. ಯಾವ ಯಾವ ದಾರಿ ಇದೆ ಅಂತಲೇ ಇನ್ನೂ ಗೊತ್ತಾಗಿಲ್ಲ, ಆಗಲೇ ಆಯ್ಕೆ ಮಾಡಿ ಅಂದರೆ ಹೇಗೆ? ಮೊದಲು ವಿಷಯ ಹೊರಗೆ ಬರಬೇಕು. ಅದಕ್ಕೆ ಒಂದು ಸಾಲು.

ಭಾನುವಾರ ಬೆಳಗ್ಗೆ ನಾನು ಹಾಕಿದ ಮೆಸೇಜ್ ಹೀಗಿತ್ತು:

"ಎಲ್ಲರಿಗೂ ನಮಸ್ಕಾರ. ಇದು ನೀರಿನ ವಿಷಯ ಮಾತ್ರ. ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ನೀರು ಬಿಡುವುದು ಅಂತ ಯೋಚನೆ ಇದೆ. ಪ್ರತಿ ಮನೆಯಿಂದ ಒಂದೇ ಸಾಲು ಬರೆಯಿರಿ. ಮನೆ ನಂಬರ್, ಆಗುತ್ತೆ ಅಥವಾ ಆಗಲ್ಲ, ಯಾಕೆ. ಮಂಗಳವಾರ ರಾತ್ರಿ 9ರವರೆಗೆ ಸಮಯ. ಅಲ್ಲಿಯವರೆಗೆ ಯಾರೂ ಯಾರಿಗೂ ಉತ್ತರ ಕೊಡುವುದು ಬೇಡ, ದಯವಿಟ್ಟು. ಟೈಪ್ ಮಾಡಲು ಆಗದವರು ವಾಯ್ಸ್ ಕಳಿಸಿ, ನಾನು ಬರೆದು ಹಾಕುತ್ತೇನೆ."

ಯಾರಿಗೂ ಉತ್ತರ ಕೊಡಬೇಡಿ ಅನ್ನುವುದು ಇದರಲ್ಲಿ ಬಹಳ ಮುಖ್ಯ. ಉತ್ತರ ಬರುವುದಿಲ್ಲ ಅಂತ ಗೊತ್ತಾದರೆ ಹಿಂಜರಿಯುವವರಿಗೆ ಧೈರ್ಯ ಬರುತ್ತದೆ. ಬರೆದ ತಕ್ಷಣ "ಅದು ಹೇಗೆ ಮೇಡಂ, ಹಿಂದಿನ ಸಲ ನೀವೇ ತಾನೇ ಹೇಳಿದ್ದು" ಅಂತ ಯಾರೂ ಮೇಲೆ ಬೀಳುವುದಿಲ್ಲ, ಅಲ್ವಾ?

ಮೊದಲ ಮೂರು ನಾಲ್ಕು ಉತ್ತರ ಬರೀ "ಆಗುತ್ತೆ" ಅಂತ ಬಂದವು. ಮಧ್ಯಾಹ್ನ ನೆಲಮಹಡಿಯ ಆಂಟಿಯೊಬ್ಬರು ಬರೆದರು. ಗ್ರೂಪಲ್ಲಿ ಹಬ್ಬದ ಶುಭಾಶಯ ಬಿಟ್ಟು ಅವರು ಏನೂ ಬರೆದದ್ದು ನಾನು ನೋಡಿರಲಿಲ್ಲ.

"ಬೆಳಗ್ಗೆ 6 ಆಗಲ್ಲ. ವಾರಕ್ಕೆ ಮೂರು ದಿನ ಯಜಮಾನರಿಗೆ ಡಯಾಲಿಸಿಸ್ ಇದೆ, 6ಕ್ಕೆ ಮನೆ ಬಿಡಬೇಕು, 5ಕ್ಕೆ ನೀರು ಬೇಕು."

ಅದನ್ನು ಓದಿ ಒಂದು ನಿಮಿಷ ಸುಮ್ಮನೆ ಕೂತುಬಿಟ್ಟೆ. ಹಿಂದಿನ ರಾತ್ರಿಯ 214 ಮೆಸೇಜ್‌ಗಳಲ್ಲಿ ಈ ವಿಷಯ ಎಲ್ಲೂ ಇರಲಿಲ್ಲ. ಅವರು ಓದುತ್ತಲೇ ಇದ್ದರಂತೆ, ಆ ಗಲಾಟೆಯ ಮಧ್ಯೆ ನಮ್ಮ ಕಷ್ಟ ಎಲ್ಲಿ ಹೇಳೋದು ಅಂತ ಸುಮ್ಮನಾಗಿದ್ದರಂತೆ. ಒಂದು ಸಾಲು ಬರೆಯಿರಿ ಅಂತ ಕೇಳಿದ್ದಕ್ಕೆ ಹೇಳಿದರು. ಆ ಒಂದು ಸಾಲಿಗೆ 6 ಅನ್ನುವುದು 5 ಆಯಿತು. ಯಾರೂ ವಾದ ಮಾಡಲಿಲ್ಲ, ಮಾಡಲು ಏನೂ ಇರಲಿಲ್ಲ.

ಸಂಜೆ ಮೂರನೇ ಮಹಡಿಯಿಂದ ಇನ್ನೊಂದು ಬಂತು: "ಆಗಲ್ಲ. ಎರಡನೇ ಶಿಫ್ಟ್ ಮುಗಿಸಿ ಮನೆಗೆ ಬರುವುದೇ ರಾತ್ರಿ 10ಕ್ಕೆ, ಒಂದು ಬಕೆಟ್ ಸ್ನಾನಕ್ಕೆ ಸಿಕ್ಕರೆ ಸಾಕು." ಅದರ ಕೆಳಗೆ ಇನ್ನೂ ನಾಲ್ಕು ಮನೆಯವರು "ನಮ್ಮದೂ ಇದೇ" ಅಂದರು. ಹಾಗಾಗಿ ರಾತ್ರಿ 10ರಿಂದ ಅರ್ಧ ಗಂಟೆ ಮತ್ತೆ ವಾಲ್ವ್ ತೆರೆಯುವುದು ಅಂತ ಸೇರಿಸಿದೆವು.

ಒಳ್ಳೆಯ ಸಾಲು, ಕೆಲಸಕ್ಕೆ ಬಾರದ ಸಾಲು

ಈಗ ಬರೆಯುವವರ ಕಡೆಯಿಂದ ನೋಡೋಣ. ಆ ಎರಡೂ ಸಾಲುಗಳನ್ನು ಮತ್ತೊಮ್ಮೆ ಓದಿ. ಅಭಿಪ್ರಾಯ ಕಡಿಮೆ, ಸಂಗತಿ ಜಾಸ್ತಿ. ಎಷ್ಟು ಹೊತ್ತಿಗೆ, ಯಾಕೆ ಅನ್ನುವುದು ಎರಡರಲ್ಲೂ ಇದೆ, ಎರಡನೆಯದರಲ್ಲಿ ಎಷ್ಟು ಬೇಕು ಅಂತಲೂ ಇದೆ. ಓದಿದವರು ಅದರ ಮೇಲೆ ಏನಾದರೂ ಮಾಡಬಹುದು. "ಕಮಿಟಿಯವರು ಮೊದಲೇ ಯೋಚನೆ ಮಾಡಬೇಕಿತ್ತು" ಅನ್ನುವುದರಲ್ಲಿ ಮಾಡಲು ಏನಿದೆ? "ಎಲ್ಲರಿಗೂ ಅನುಕೂಲ ಆಗುವ ಹಾಗೆ ನೋಡಿ" ಅನ್ನುವುದು ಇನ್ನೂ ಕಷ್ಟ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ಈ ಕಡೆಗೂ ಬೆಳಕಿಲ್ಲ, ಆ ಕಡೆಗೂ ಇಲ್ಲ.

ಬೇಡ ಅನ್ನುವವರು ಕಾರಣ ಹೇಳಲೇಬೇಕು. ಇದನ್ನು ನಾನು ಸಾಫ್ಟ್‌ವೇರ್ ಜನರಿಂದ ಕಲಿತೆ. ಅಪಾಚೆ ಅನ್ನುವ ಸಂಸ್ಥೆಯ ಯೋಜನೆಗಳಲ್ಲಿ ಪ್ರಪಂಚದ ಮೂಲೆ ಮೂಲೆಯಲ್ಲಿ ಕೂತವರು ಈಮೇಲ್‌ನಲ್ಲೇ ಮತ ಹಾಕುತ್ತಾರೆ. ಒಪ್ಪಿಗೆಗೆ +1, ಏನಾದರೂ ಸರಿ ಅನ್ನುವುದಕ್ಕೆ 0, ಬೇಡ ಅನ್ನುವುದಕ್ಕೆ -1. ಕೋಡ್ ಬದಲಾವಣೆಗೆ ಒಂದು -1 ಬಿದ್ದರೂ ಕೆಲಸ ನಿಲ್ಲುತ್ತದೆ, ಅಷ್ಟು ಬಲ ಅದಕ್ಕೆ. ಆದರೆ ಜೊತೆಗೆ ತಾಂತ್ರಿಕ ಕಾರಣ ಬರೆಯದಿದ್ದರೆ ಆ -1 ಲೆಕ್ಕಕ್ಕೇ ಇಲ್ಲ. ನಮ್ಮ ಗ್ರೂಪಲ್ಲೂ ಇದೇ ನಿಯಮ ಇಟ್ಟೆವು. ಹೂಂ ಅನ್ನಲು ಕಾರಣ ಬೇಕಿಲ್ಲ, ಬೇಡ ಅನ್ನಲು ಬೇಕು. ಇದರಿಂದ ಸುಮ್ನೆ ಅಡ್ಡ ಹಾಕುವುದು ಕಡಿಮೆ ಆಯಿತು, ನಿಜವಾದ ತೊಂದರೆ ಇದ್ದವರ ಮಾತಿಗೆ ತೂಕ ಬಂತು.

ನೀವು ಹೇಳಬೇಕೆಂದಿದ್ದನ್ನು ಆಗಲೇ ಬೇರೆಯವರು ಹೇಳಿದ್ದರೆ ಮತ್ತೆ ಬರೆಯಬೇಡಿ. ಅವರ ಮೆಸೇಜ್ ಒತ್ತಿ ಹಿಡಿದು ಹೆಬ್ಬೆರಳು ಹಾಕಿ. ವಾಟ್ಸ್‌ಆಪ್‌ನಲ್ಲಿ ಈ ಸೌಲಭ್ಯ 2022ರಲ್ಲಿ ಬಂತು. ಸಾಫ್ಟ್‌ವೇರ್ ಬರೆಯುವವರು ಸೇರಿ ಕೆಲಸ ಮಾಡುವ ಗಿಟ್‌ಹಬ್ ಅನ್ನುವ ತಾಣದಲ್ಲಿ ಬಂದದ್ದು 2016ರ ಮಾರ್ಚ್‌ನಲ್ಲಿ, ಅದಕ್ಕೂ ಇದೇ ಕಾರಣ. ಸಾಫ್ಟ್‌ವೇರ್‌ನ ಒಂದು ದೋಷದ ಬಗ್ಗೆ ಯಾರಾದರೂ ಬರೆದರೆ ಅದರ ಕೆಳಗೆ ನೂರಾರು ಜನ ಬಂದು ಬರೀ +1 ಅಂತ ಬರೆದು ಹೋಗುತ್ತಿದ್ದರು, ಕೆಲಸದ ಮಾತು ಅದರೊಳಗೆ ಮುಳುಗುತ್ತಿತ್ತು, ಯೋಜನೆ ನಡೆಸುವವರು ಬೇಸತ್ತು ಬಹಿರಂಗ ಪತ್ರವನ್ನೇ ಬರೆದರು. ಎರಡು ತಿಂಗಳಲ್ಲಿ ಹೆಬ್ಬೆರಳು ಬಂತು. ಆದರೆ ಹೊಸ ಕಾರಣ ಇದ್ದರೆ ಹೆಬ್ಬೆರಳು ಸಾಲದು, ಬರೆಯಲೇಬೇಕು.

ಹೆಬ್ಬೆರಳಿನಲ್ಲಿ ಒಂದು ತೊಡಕಿದೆ. ಕೆಲವರಿಗೆ ಅದು "ಒಪ್ಪಿದೆ", ಕೆಲವರಿಗೆ ಬರೀ "ಓದಿದೆ". ಕೈ ಮುಗಿಯುವ ಚಿತ್ರವಂತೂ ಏನೂ ಆಗಬಹುದು. ಹಾಗಾಗಿ ಮೊದಲೇ ಹೇಳಿಬಿಡಿ: "ಹೆಬ್ಬೆರಳು ಅಂದರೆ ನಮ್ಮ ಮನೆಗೂ ಇದೇ ತೊಂದರೆ ಅಂತ." ಇಲ್ಲದಿದ್ದರೆ ಆಮೇಲೆ "ನಾನು ಬರೀ ನೋಡಿದೆ ಅಂತ ಹಾಕಿದ್ದು ಸರ್" ಅನ್ನುವ ಮಾತು ಬರುತ್ತದೆ.

ಮನೆ ನಂಬರ್ ಬರೆಯುವ ಅಭ್ಯಾಸವೂ ಬೇಕು. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಅರಳಿ ಕಟ್ಟೆ ಅಂತ ಹೆಸರಿಟ್ಟಿದ್ದಾರೆ, ನನಗೆ ಬಹಳ ಇಷ್ಟವಾದ ಹೆಸರು. ಅಲ್ಲಿ ಬರೆದ ಮಾತಿನ ಕೊನೆಗೆ ನಾಲ್ಕು ಅಲೆಗೆರೆ (~~~~) ಹಾಕಿದರೆ ಬರೆದವರ ಹೆಸರು, ದಿನ, ಹೊತ್ತು ತಾನಾಗಿ ಮೂಡುತ್ತದೆ. ವರ್ಷದ ನಂತರ ಹೋದರೂ ಯಾರು, ಯಾವಾಗ, ಏನು ಹೇಳಿದರು ಅಂತ ಕಾಣುತ್ತದೆ. ಮಾತಿಗೆ ಒಂದು ವಿಳಾಸ ಇದ್ದರೆ ಹೇಳುವವರೂ ಯೋಚಿಸಿ ಹೇಳುತ್ತಾರೆ.

ಪ್ರಶ್ನೆ ಬರೆಯುವ ಕಷ್ಟ

ಮಂಗಳವಾರ ರಾತ್ರಿ ಒಂದು ಸಾಲುಗಳೆಲ್ಲ ಬಂದ ಮೇಲೆ, ಬುಧವಾರ ಬೆಳಗ್ಗೆ ಪೋಲ್ ಹಾಕಿದೆವು. ಅಟ್ಯಾಚ್ ಮಾಡುವ ಗುರುತು ಒತ್ತಿದರೆ ಪೋಲ್ ಅಂತ ಸಿಗುತ್ತದೆ, ಅದು ಸುಲಭ. ಕಷ್ಟ ಇರುವುದು ಪ್ರಶ್ನೆಯಲ್ಲಿ. "ನೀರಿನ ವಿಷಯದಲ್ಲಿ ಏನು ಮಾಡೋಣ?" ಅಂತ ಕೇಳಿದರೆ ಬಂದ ಉತ್ತರದಿಂದ ಸೆಕ್ಯುರಿಟಿ ಅಣ್ಣನಿಗೆ ಯಾವಾಗ ವಾಲ್ವ್ ತೆರೆಯಬೇಕು ಅಂತ ಹೇಳಲು ಆಗುವುದಿಲ್ಲ. ಉತ್ತರ ಬಂದ ಮರುಕ್ಷಣ ಕೆಲಸ ಶುರು ಮಾಡುವಂತಿರಬೇಕು. ನಮ್ಮದು ಹೀಗಿತ್ತು:

"ಮಾರ್ಚ್ 18 ಸೋಮವಾರದಿಂದ ನೀರು ಬೆಳಗ್ಗೆ 5ರಿಂದ 9, ಸಂಜೆ 6ರಿಂದ 9, ರಾತ್ರಿ 10ರಿಂದ 10.30. ಏಪ್ರಿಲ್ 15ಕ್ಕೆ ಮತ್ತೆ ನೋಡೋಣ. ಮನೆಗೆ ಒಂದು ಮತ. ಶುಕ್ರವಾರ ರಾತ್ರಿ 9ಕ್ಕೆ ಮುಕ್ತಾಯ."

ಕೆಳಗೆ ಮೂರು ಆಯ್ಕೆ: "ಒಪ್ಪಿಗೆ", "ಬೇಡ, ಕಾರಣ ಬರೆಯುತ್ತೇನೆ", "ಯಾವುದಾದರೂ ಸರಿ".

ಮೂರನೆಯದನ್ನು ಬಿಡಬೇಡಿ. ಯಾವ ಕಡೆಗೂ ಇಲ್ಲದವರಿಗೆ ಅದು ಇಲ್ಲದಿದ್ದರೆ ಅವರು ಮತವನ್ನೇ ಹಾಕುವುದಿಲ್ಲ, ಅವರು ನೋಡಿದರಾ ಇಲ್ಲವಾ ಅಂತಲೂ ನಮಗೆ ತಿಳಿಯುವುದಿಲ್ಲ. ಮುಂದೆ ಮತ್ತೆ ನೋಡೋಣ ಅನ್ನುವ ದಿನಾಂಕವನ್ನೂ ಬಿಡಬೇಡಿ. ಒಂದು ತಿಂಗಳಿಗೆ ಮಾತ್ರ ಅಂದರೆ ಎಷ್ಟೋ ಜನ ಒಪ್ಪುತ್ತಾರೆ. ಕೊನೆಯೇ ಇಲ್ಲ ಅಂದರೆ ಅದೇ ಜನ ಹಿಂದೆ ಸರಿಯುತ್ತಾರೆ.

ಮನೆಗೆ ಒಂದು ಮತ ಅನ್ನುವುದನ್ನು ಮೊದಲೇ ಬರೆಯಿರಿ. ಗ್ರೂಪಲ್ಲಿ ಕೆಲವು ಮನೆಯಿಂದ ಒಬ್ಬರು, ಕೆಲವು ಮನೆಯಿಂದ ಗಂಡ, ಹೆಂಡತಿ, ಮಗ ಮೂವರೂ ಇರುತ್ತಾರೆ. ಇನ್ನು ಕೆಲವು ಮನೆಗೆ ಮಾಲೀಕರೂ ಇರುತ್ತಾರೆ, ಬಾಡಿಗೆಯವರೂ ಇರುತ್ತಾರೆ. ನನ್ನ ಪ್ರಕಾರ ದಿನದಿನದ ವಿಷಯಕ್ಕೆ, ಅಂದರೆ ನೀರು, ಕಸ, ಜನರೇಟರ್ ಹೊತ್ತು, ಇವಕ್ಕೆ ಅಲ್ಲಿ ವಾಸ ಇರುವವರ ಮತ ನಡೆಯಬೇಕು. ಬೇರೆ ಊರಲ್ಲಿರುವ ಮಾಲೀಕರಿಗಿಂತ ಬಕೆಟ್ ಹಿಡಿದು ಕಾಯುವವರಿಗೆ ಆ ಮಾತು ಸೇರುತ್ತದೆ. ಕಟ್ಟಡಕ್ಕೆ ಹಾಕುವ ದುಡ್ಡಿನ ವಿಷಯ ಮಾಲೀಕರದು.

ಬಣ್ಣದ ಪಾಠ

ಹೌದು ಅಥವಾ ಇಲ್ಲ ಅನ್ನುವ ಪ್ರಶ್ನೆಗೆ ಒಂದೇ ಆಯ್ಕೆ ಸಾಕು. ವಾಟ್ಸ್‌ಆಪ್ ಪೋಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ ಆರಿಸಲು ಬಿಡುವ ಒಂದು ಗುಂಡಿ ಇರುತ್ತದೆ, ಅದನ್ನು ಆಫ್ ಮಾಡಬೇಕು. ಮೂರು ನಾಲ್ಕು ದಾರಿ ಇದ್ದಾಗ ಮಾತ್ರ ಅದನ್ನು ಆನ್ ಇಡಿ. ಯಾಕೆ ಅಂತ ನಮಗೆ ಗೊತ್ತಾದದ್ದು ಅದಕ್ಕೂ ಹಿಂದಿನ ವರ್ಷ ಕಟ್ಟಡಕ್ಕೆ ಬಣ್ಣ ಹೊಡೆಸುವಾಗ.

ಮೂರು ಬಣ್ಣ ಇಟ್ಟಿದ್ದೆವು. ಬೂದು, ಕೆನೆ ಬಣ್ಣ, ತಿಳಿ ಹಳದಿ. ಒಬ್ಬರಿಗೆ ಒಂದೇ ಆಯ್ಕೆ. ಬೂದಿಗೆ 16, ಕೆನೆಗೆ 13, ಹಳದಿಗೆ 11 ಮತ ಬಿತ್ತು. ಬೂದು ಗೆದ್ದಿತು ಅಂತ ಹೇಳಿದ ಕೂಡಲೇ ಗೊಣಗಾಟ ಶುರುವಾಯಿತು. ಕೂತು ನೋಡಿದರೆ ಗೊಣಗಿದ್ದು ಸರಿಯೇ ಇತ್ತು. 24 ಮನೆಯವರಿಗೆ ತಿಳಿ ಬಣ್ಣವೇ ಬೇಕಿತ್ತು, ಆದರೆ ಅವರ ಮತ ಕೆನೆ, ಹಳದಿ ಅಂತ ಎರಡು ಪಾಲಾಗಿ ಹೋಗಿತ್ತು. ಮತ್ತೆ ಕೇಳಿದೆವು, ಈ ಸಲ "ನಿಮಗೆ ಒಪ್ಪಿಗೆ ಆಗುವ ಎಲ್ಲ ಬಣ್ಣಕ್ಕೂ ಮತ ಹಾಕಿ" ಅಂತ. ಕೆನೆ ಬಣ್ಣಕ್ಕೆ 27 ಬಂತು. ಈಗ ನಮ್ಮ ಕಟ್ಟಡ ಕೆನೆ ಬಣ್ಣದಲ್ಲಿದೆ, ಯಾರೂ ಬೇಸರ ಮಾಡಿಕೊಂಡಿಲ್ಲ. ಎಲ್ಲರಿಗೂ ಅತಿ ಇಷ್ಟವಾದದ್ದು ಸಿಗದೇ ಇರಬಹುದು, ಜಾಸ್ತಿ ಜನ ಒಪ್ಪಿ ಬದುಕಬಹುದಾದದ್ದು ಇದರಲ್ಲಿ ಸಿಗುತ್ತದೆ.

ಸೆಕ್ರೆಟರಿ ಮೊದಲು ಮತ ಹಾಕಬಾರದು

ಮೊದಲ ಮತಕ್ಕೆ ಇರುವ ಬಲ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಮುಚ್ನಿಕ್, ಅರಾಲ್, ಟೇಲರ್ ಅನ್ನುವ ಮೂವರು ಸುದ್ದಿಗಳ ಬಗ್ಗೆ ಜನ ಮಾತಾಡುವ ಒಂದು ತಾಣದಲ್ಲಿ ಲಕ್ಷಕ್ಕೂ ಹೆಚ್ಚು ಮಾತುಗಳನ್ನು ಆರಿಸಿಕೊಂಡು, ಚೀಟಿ ಎತ್ತಿದ ಹಾಗೆ ಕೆಲವಕ್ಕೆ ಮಾತ್ರ ಬಂದ ತಕ್ಷಣ ಒಂದು ಮೆಚ್ಚುಗೆ ಹಾಕಿದರು. ಆ ಮಾತು ಚೆನ್ನಾಗಿತ್ತಾ ಅಂತ ನೋಡಿಯೇ ಇಲ್ಲ. ಆದರೂ ಅದನ್ನು ಮುಂದೆ ಓದಿದವರು ಮೆಚ್ಚುಗೆ ಹಾಕುವ ಸಂಭವ ನೂರಕ್ಕೆ 32ರಷ್ಟು ಜಾಸ್ತಿ ಆಯಿತು, ಕೊನೆಯಲ್ಲಿ ಆ ಮಾತುಗಳ ಅಂಕ ಸರಾಸರಿ ನೂರಕ್ಕೆ 25ರಷ್ಟು ಮೇಲೆ ನಿಂತಿತು. ಒಂದೇ ಒಂದು ಮತದಿಂದ.

ಅದು ಪರಿಚಯ ಇಲ್ಲದವರ ಮಧ್ಯೆ. ನಮ್ಮಲ್ಲಿ ಸೆಕ್ರೆಟರಿ ಸರ್ ಹಾಕಿದ್ದಾರೆ, ಪ್ರೆಸಿಡೆಂಟ್ ಮೇಡಂ ಹಾಕಿದ್ದಾರೆ ಅಂತ ಹೆಸರು ಸಮೇತ ಕಾಣುತ್ತದೆ. ವಾಟ್ಸ್‌ಆಪ್ ಗ್ರೂಪಿನ ಪೋಲ್‌ನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರು ಅಂತ ಎಲ್ಲರೂ ನೋಡಬಹುದು. ಹಾಗಾಗಿ ಕಮಿಟಿಯಲ್ಲಿ ಇರುವವರು ಕೊನೆಯ ದಿನದವರೆಗೆ ಕೈ ಕಟ್ಟಿಕೊಂಡು ಕೂರಿ. ಪೋಲ್ ಹಾಕಿದ ಮೆಸೇಜಿನಲ್ಲೇ "ಇದೇ ಒಳ್ಳೆಯದು ಅಂತ ನನ್ನ ಅನಿಸಿಕೆ" ಅಂತ ಸೇರಿಸುವುದೂ ಬೇಡ.

ಹೆಸರು ಕಂಡರೆ ಮನಸ್ಸು ಕೆಡುವ ವಿಷಯ ಇದ್ದರೆ, ಉದಾಹರಣೆಗೆ ಮನೆಕೆಲಸದ ಏಜೆನ್ಸಿ ಬದಲಾಯಿಸುವುದು, ಯಾರದೋ ಬಾಕಿಗೆ ರಿಯಾಯಿತಿ ಕೊಡುವುದು, ಅಂಥದಕ್ಕೆ ಗ್ರೂಪಿನ ಪೋಲ್ ಬೇಡವೇ ಬೇಡ. ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಒಂದು ಡಬ್ಬಿ ಇಡಿ. ಮನೆಗೆ ಒಂದು ಚೀಟಿ, ಚೀಟಿ ತೆಗೆದುಕೊಂಡವರ ಮನೆ ನಂಬರಿಗೆ ರಿಜಿಸ್ಟರ್‌ನಲ್ಲಿ ಟಿಕ್. ಇಬ್ಬರ ಎದುರಲ್ಲಿ ಎಣಿಸಿ. ಹಳೇ ಪದ್ಧತಿಯೇ, ಆದರೆ ಇದಕ್ಕೆ ಇದೇ ಸರಿ.

ಎಣಿಸಿದ ಮೇಲೆ

ಶುಕ್ರವಾರ ರಾತ್ರಿ 9ಕ್ಕೆ ಸರಿಯಾಗಿ ಸ್ಕ್ರೀನ್‌ಶಾಟ್ ತೆಗೆದೆ. ಆಮೇಲೆ ಯಾರಾದರೂ ಮತ ಬದಲಾಯಿಸಿದರೂ ಲೆಕ್ಕ ಕೆಡುವುದಿಲ್ಲ. 48 ಮನೆಯಲ್ಲಿ 41 ಮನೆ ಮತ ಹಾಕಿತ್ತು. ಒಪ್ಪಿಗೆ 33, ಬೇಡ 5, ಯಾವುದಾದರೂ ಸರಿ 3. ಇಲ್ಲಿಗೆ ಮುಗಿಯಿತು ಅಂತ ಬಿಟ್ಟುಬಿಡಬಹುದಿತ್ತು. ಆ ಐದು ಮನೆಗಳನ್ನು ನೋಡದೇ ಬಿಟ್ಟರೆ ಇಷ್ಟೆಲ್ಲ ಮಾಡಿದ್ದೇ ದಂಡ.

ಇಂಟರ್ನೆಟ್‌ನ ನಿಯಮಗಳನ್ನು ರೂಪಿಸುವ ಐಇಟಿಎಫ್ ಅನ್ನುವ ಒಂದು ಕೂಟ ಇದೆ. ಅಲ್ಲಿ ಸಭೆಗಳಲ್ಲಿ ಮತ ಎಣಿಸುವ ಬದಲು ಎಲ್ಲರಿಗೂ ಹೂಂ ಅನ್ನಲು ಹೇಳಿ, ಯಾವ ಕಡೆ ಹೂಂ ಜೋರಾಗಿದೆ ಅಂತ ಕಿವಿಗೊಟ್ಟು ಕೇಳುವ ಹಳೇ ರೂಢಿ ಇದೆ. ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟುತ್ತಾರಲ್ಲ, ಹಾಗೆ. ಆದರೆ ಹೂಂ ಜೋರಾದ ಕೂಡಲೇ ಗೆದ್ದರು ಅಂತಲ್ಲ. 2014ರಲ್ಲಿ ಅವರೇ ಬರೆದಿಟ್ಟ ಟಿಪ್ಪಣಿಯ ತಿರುಳು ಇದು: ಬೇಡ ಅಂದವರ ಕಾರಣವನ್ನು ಎದುರಿಗಿಟ್ಟು ನೋಡಿ ಉತ್ತರ ಕಂಡುಕೊಂಡಿರಬೇಕು. ಅವರು ಕೇಳಿದ್ದನ್ನೆಲ್ಲ ಕೊಡಲೇಬೇಕು ಅಂತಿಲ್ಲ, ಕೇಳಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ.

ನಮ್ಮ ಐದರಲ್ಲಿ ಮೂರು ಮನೆ ಮೇಲಿನ ಮಹಡಿಯವು. ಕಾರಣ ಒಂದೇ: "ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ನಮಗೆ ದಾರದ ಹಾಗೆ ಬರುತ್ತೆ." ನಿಜ. ಓವರ್‌ಹೆಡ್ ಟ್ಯಾಂಕಿಗೆ ಹತ್ತಿರ ಇರುವುದರಿಂದ ಅವರಿಗೆ ಒತ್ತಡವೇ ಕಡಿಮೆ, ಕೆಳಗಿನ ಮನೆಗಳೆಲ್ಲ ಒಂದೇ ಹೊತ್ತಿಗೆ ಎಳೆದರೆ ಇನ್ನೂ ಕಡಿಮೆ. 33 ಜನ ಒಪ್ಪಿದ್ದಾರೆ ಅಂದ ಮಾತ್ರಕ್ಕೆ ಪೈಪಲ್ಲಿ ನೀರು ಮೇಲೆ ನಿಲ್ಲುವುದಿಲ್ಲವಲ್ಲ. ಪ್ಲಂಬರ್ ಬಂದು ನೋಡಿ, ಮೇಲಿನ ಮಹಡಿಯ ಲೈನಿಗೆ ಬೇರೆ ವಾಲ್ವ್ ಇದೆ ಅಂತ ತೋರಿಸಿದ. ಆ ವಾಲ್ವನ್ನು ಕಾಲು ಗಂಟೆ ಮೊದಲು ತೆರೆಯುವುದು ಅಂತ ಆಯಿತು. 4.45ಕ್ಕೆ ಮೇಲೆ, 5ಕ್ಕೆ ಎಲ್ಲರಿಗೂ. ಉಳಿದ ಎರಡು ಮನೆಯವರಿಗೆ ಹೊತ್ತು ಗೊತ್ತು ಮಾಡುವುದೇ ಇಷ್ಟ ಇರಲಿಲ್ಲ, ಇನ್ನೊಂದು ಟ್ಯಾಂಕರ್ ತರಿಸಿ ಅಂದರು. ಅದಕ್ಕೆ ಮನೆಗೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿ ಗ್ರೂಪಲ್ಲಿ ತೋರಿಸಿದೆ. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ, ಆದರೆ ಲೆಕ್ಕ ನೋಡಿ ಏಪ್ರಿಲ್ 15ರವರೆಗೆ ಇರಲಿ ಅಂದರು.

ಫಲಿತಾಂಶ ಬರೆಯುವಾಗ ಸಂಖ್ಯೆ ಮಾತ್ರ ಬರೆಯಬೇಡಿ. ಏನು ತೀರ್ಮಾನ, ಎಂದಿನಿಂದ, ಯಾರ ಯಾವ ಕಾರಣಕ್ಕೆ ಏನು ಬದಲಾಯಿತು, ಮತ್ತೆ ಯಾವಾಗ ನೋಡುತ್ತೇವೆ, ಇಷ್ಟೂ ಒಂದೇ ಮೆಸೇಜಿನಲ್ಲಿ ಇರಲಿ. "ಡಯಾಲಿಸಿಸ್ ಇರುವ ಮನೆಗಾಗಿ" ಅಂತ ಬರೆಯುವ ಮೊದಲು ಆಂಟಿಯನ್ನು ಫೋನ್ ಮಾಡಿ ಕೇಳಿದೆ. "ಬರೀರಿ, ಪರವಾಗಿಲ್ಲ" ಅಂದರು. ಬೇಡ ಅಂದಿದ್ದರೆ "ಬೇಗ ಹೊರಡುವವರಿಗಾಗಿ" ಅಂತ ಬರೆಯುತ್ತಿದ್ದೆ. ಮೆಸೇಜನ್ನು ಗ್ರೂಪಲ್ಲಿ ಪಿನ್ ಮಾಡಿದೆ. ಒಂದು ಪ್ರಿಂಟ್ ತೆಗೆದು ಲಿಫ್ಟ್ ಪಕ್ಕದ ನೋಟಿಸ್ ಬೋರ್ಡಿಗೆ, ಇನ್ನೊಂದನ್ನು ವಾಲ್ವ್ ತೆರೆಯುವ ಸೆಕ್ಯುರಿಟಿ ಅಣ್ಣನಿಗೆ ಕೊಟ್ಟೆ.

ಮತ ಹಾಕದ ಏಳು ಮನೆಗಳ ವಿಷಯ ಒಂದು ಉಳಿಯಿತು. ಇವರನ್ನು ಗ್ರೂಪಲ್ಲಿ ಹೆಸರು ಹಿಡಿದು ಕೇಳಬೇಡಿ, ನಾಚಿಕೆ ಆಗುತ್ತದೆ. ನಾನು ಶನಿವಾರ ಬೆಳಗ್ಗೆ ಮೆಟ್ಟಿಲು ಹತ್ತಿ ಹೋದೆ. ನಾಲ್ಕು ಮನೆಗೆ ಬೀಗ ಇತ್ತು. ಒಬ್ಬರು ಮೆಸೇಜ್ ನೋಡಿಯೇ ಇರಲಿಲ್ಲ, ಗ್ರೂಪನ್ನು ಮ್ಯೂಟ್ ಮಾಡಿದ್ದರು. ಇನ್ನೊಂದು ಮನೆಯಲ್ಲಿ ಅಜ್ಜಿ ಒಬ್ಬರೇ, ಫೋನಿದೆ, ವಾಟ್ಸ್‌ಆಪ್ ಇಲ್ಲ. ಅವರಿಗೆ ಹೊತ್ತನ್ನೆಲ್ಲ ಓದಿ ಹೇಳಿದೆ. "ರಾತ್ರಿ ಹತ್ತಕ್ಕೆ ನನಗೆ ಬೇಡಪ್ಪ, ಮಲಗಿರ್ತೀನಿ, ಮಧ್ಯಾಹ್ನ ಒಂದು ಬಿಂದಿಗೆ ಸಿಕ್ಕರೆ ಪಾತ್ರೆ ತೊಳ್ಕೋತೀನಿ" ಅಂದರು. ಏಳನೇ ಮನೆಯವರು ಬಾಗಿಲಲ್ಲೇ "ಒಪ್ಪಿಗೆ ಸರ್, ಮರೆತೆ" ಅಂದರು. ಕೆಳಗೆ ಬಂದು ಅಜ್ಜಿಯ ಸಾಲನ್ನು ಅವರ ಮನೆ ನಂಬರ್ ಹಾಕಿ ಗ್ರೂಪಲ್ಲಿ ಬರೆದೆ. ಐದು ನಿಮಿಷದಲ್ಲಿ ಎದುರು ಮನೆಯ ಹುಡುಗ ಅದರ ಕೆಳಗೆ ಬರೆದ: "ಅಜ್ಜಿಗೆ ಮಧ್ಯಾಹ್ನದ ಬಿಂದಿಗೆ ನಾನು ಬೆಳಗ್ಗೆಯೇ ತುಂಬಿ ಇಟ್ಟು ಹೋಗ್ತೀನಿ."